ಗಾಯ ಕಾಣದಿದ್ದರೆ ಸಾಕೆ?

2007ರ ಜನವರಿ 31ರಂದು ಒಂದು ದೊಡ್ಡ ಔಷಧ ಪ್ರಯೋಗ ನಡುವೆಯೇ ನಿಂತುಹೋಯಿತು. ಎಚ್‌ಐವಿ ತಡೆಯಬಲ್ಲದೆಂಬ ಭರವಸೆ ಹುಟ್ಟಿಸಿದ್ದ ಸೆಲ್ಯುಲೋಸ್ ಸಲ್ಫೇಟ್ ಎಂಬ ಜೆಲ್‌ನ ಪ್ರಯೋಗ ಅದು. ಲೈಂಗಿಕ ಸಂಪರ್ಕಕ್ಕೆ ಮುಂಚೆ ಹೆಂಗಸರು ಅದನ್ನು ಯೋನಿಯೊಳಗೆ ಹಾಕಿಕೊಳ್ಳಬೇಕಿತ್ತು. ದಕ್ಷಿಣ ಆಫ್ರಿಕದ ಡರ್ಬನ್, ಉಗಾಂಡದ ಕಂಪಾಲ, ಬೆನಿನ್ ದೇಶದ ಕೊಟೊನೂ, ನಮ್ಮ ನೆರೆಯ ಚೆನ್ನೈ, ಜತೆಗೆ ನಮ್ಮದೇ ರಾಜ್ಯದ ಬಾಗಲಕೋಟೆ, ಹೀಗೆ ಐದು ಕಡೆ ಪ್ರಯೋಗ ನಡೆದಿತ್ತು. ಅರ್ಧದಷ್ಟು ಹೆಂಗಸರಿಗೆ ಔಷಧಿಯಿದ್ದ ಜೆಲ್, ಉಳಿದರ್ಧಕ್ಕೆ ಔಷಧಿಯಿಲ್ಲದ ಜೆಲ್. ಯಾರಿಗೆ ಯಾವುದು ಸಿಕ್ಕಿದೆಯೆಂದು ಕೊಟ್ಟವರಿಗೂ ಗೊತ್ತಿರಲಿಲ್ಲ, ಪಡೆದವರಿಗೂ ಗೊತ್ತಿರಲಿಲ್ಲ. ಎಲ್ಲರಿಗೂ ಕಾಂಡೋಮ್ ಕೊಟ್ಟು ತಿಳಿಹೇಳಲಾಗಿತ್ತು. ಅಂಕಿಅಂಶಗಳನ್ನು ಹೊರಗಿನಿಂದ ಪರಿಶೀಲಿಸುತ್ತಿದ್ದ ಸ್ವತಂತ್ರ ಸಮಿತಿ ನಡುಹಂತದಲ್ಲಿ ಲೆಕ್ಕ ತೆಗೆದು ನೋಡಿದಾಗ ಬೆಚ್ಚಿಬೀಳುವ ಸಂಗತಿ ಕಂಡಿತು. ಔಷಧಿಯ ಜೆಲ್ ಬಳಸಿದವರಲ್ಲೇ ಸೋಂಕಿನ ಅಪಾಯ ಎರಡು ಪಟ್ಟಿಗೂ ಮೀರಿತ್ತು. ಪ್ರಯೋಗವನ್ನು ಅಲ್ಲಿಗೇ ನಿಲ್ಲಿಸಲಾಯಿತು.

2008ರಲ್ಲಿ ಪೂರ್ತಿ ವರದಿ ಪ್ರಕಟವಾಯಿತು. 1,398 ಹೆಂಗಸರ ಪೈಕಿ ಹೊಸದಾಗಿ ಸೋಂಕು ತಗುಲಿದವರು 41 ಮಂದಿ. ಔಷಧಿಯ ಜೆಲ್ ಬಳಸಿದವರಲ್ಲಿ 25, ಇನ್ನೊಂದು ಗುಂಪಿನಲ್ಲಿ 16. ಅಂತಿಮ ಲೆಕ್ಕದಲ್ಲಿ ಈ ವ್ಯತ್ಯಾಸ ಆಕಸ್ಮಿಕವೂ ಆಗಿರಬಹುದೆಂದು ಸಂಶೋಧಕರು ಮುಚ್ಚುಮರೆಯಿಲ್ಲದೆ ಬರೆದರು. ಜೆಲ್ ಕಾಪಾಡಲಿಲ್ಲ ಎಂಬುದರಲ್ಲಿ ಮಾತ್ರ ಅನುಮಾನ ಉಳಿಯಲಿಲ್ಲ. ಹಾನಿ ಮಾಡಿತೇ ಎಂಬ ಪ್ರಶ್ನೆ ಹಾಗೆಯೇ ನಿಂತಿತು. ಇದೇ ಜೆಲ್ ಅದಕ್ಕೂ ಮೊದಲು ಹಲವು ಸಣ್ಣ ಪ್ರಯೋಗಗಳಲ್ಲಿ ‘ಸುರಕ್ಷಿತ’ ಎನಿಸಿಕೊಂಡೇ ಬಾಗಲಕೋಟೆಯವರೆಗೆ ಬಂದಿತ್ತು. ಹಾಗಾದರೆ ಆ ಸುರಕ್ಷತೆಯನ್ನು ಅಳೆದ ಅಳತೆಗೋಲು ಯಾವುದು?

ನನ್ನ ವಾದ ಇಷ್ಟೆ. ದೇಹದೊಳಗಿನ ಎಳೆಯ ಪೊರೆಗೆ ಹಚ್ಚುವ ಯಾವುದೇ ತಡೆಮದ್ದು, ತಾನು ರೋಗಾಣುವನ್ನು ಕೊಲ್ಲುತ್ತೇನೆಂದು ತೋರಿಸುವುದಕ್ಕೆ ಮೊದಲು ಆ ಪೊರೆಯನ್ನು ಕೆಡಿಸುವುದಿಲ್ಲವೆಂದು ತೋರಿಸಬೇಕು. ಕಣ್ಣಿಗೆ ಗಾಯ ಕಾಣಲಿಲ್ಲ ಎಂಬುದು ಅದಕ್ಕೆ ಸಾಕ್ಷಿಯಾಗದು. ಮದ್ದನ್ನು ನಿಜವಾಗಿ ಬಳಸುವ ಹೆಂಗಸರ ಅಂಗಾಂಶ ಯಾವ ಸ್ಥಿತಿಯಲ್ಲಿದೆಯೋ ಅದೇ ಸ್ಥಿತಿಯಲ್ಲಿ, ಅವರು ಎಷ್ಟು ಸಲ ಬಳಸುತ್ತಾರೋ ಅಷ್ಟೇ ಸಲ ಹಚ್ಚಿ ಪರೀಕ್ಷಿಸಬೇಕು.

ಬಾಗಲಕೋಟೆಯಲ್ಲಿ ನಡೆದದ್ದರ ಬಗ್ಗೆ ಚಾಮರಾಜನಗರದಲ್ಲಿ ಕೂತು ಏಕೆ ಯೋಚಿಸಬೇಕು? ಗುಂಡ್ಲುಪೇಟೆಯಲ್ಲಿ ಮೈಸೂರಿನ ರಸ್ತೆ ಎರಡಾಗಿ ಒಡೆದು ಒಂದು ಊಟಿಗೆ, ಇನ್ನೊಂದು ವಯನಾಡಿಗೆ ಹೋಗುತ್ತದೆ. ಈ ಸೀಮೆಯ ಕೂಲಿ ಕಾರ್ಮಿಕರು ಕೇರಳದ ಶುಂಠಿ ಹೊಲಗಳಿಗೂ ಕೊಡಗಿನ ಕಾಫಿ ತೋಟಗಳಿಗೂ ಹೋಗಿ ದಿನಗಟ್ಟಲೆ ಇದ್ದು ಬರುತ್ತಾರೆ. ನಮ್ಮ ದೇಶದಲ್ಲಿ ಎಚ್‌ಐವಿ ತಗುಲಿದ ಹೆಂಗಸರಲ್ಲಿ ದೊಡ್ಡ ಪಾಲಿನವರಿಗೆ ಅದು ಬಂದದ್ದು ಗಂಡನಿಂದ. ಕಾಂಡೋಮ್ ಹಾಕಿಕೋ ಎಂದು ಗಂಡನಿಗೆ ಹೇಳುವ ಧೈರ್ಯ ಎಷ್ಟು ಮನೆಗಳಲ್ಲಿದೆ? ಹೇಳಿದರೆ ಅನುಮಾನ, ಜಗಳ, ಹೊಡೆತ. ಗಂಡಸಿನ ಒಪ್ಪಿಗೆಗೆ ಕಾಯದೆ ಹೆಂಗಸು ತಾನೇ ಬಳಸಬಹುದಾದ ಸಾಧನವೊಂದು ಬೇಕು ಎಂಬ ಕೂಗು ಎದ್ದದ್ದು ಈ ಕಾರಣಕ್ಕೆ. ಜೆಲ್‌ನ ಹಿಂದಿದ್ದ ಉದ್ದೇಶ ನ್ಯಾಯವಾದದ್ದು, ಅದರಲ್ಲಿ ನನಗೆ ಎರಡು ಮಾತಿಲ್ಲ. ಉದ್ದೇಶ ನ್ಯಾಯವಾಗಿರುವುದರಿಂದಲೇ ಪರೀಕ್ಷೆ ಇನ್ನಷ್ಟು ಬಿಗಿಯಾಗಿರಬೇಕು. ಗಂಡಸಿನಿಂದ ರಕ್ಷಣೆ ಸಿಗದೆ ಮದ್ದನ್ನು ನಂಬಿದವಳಿಗೆ ಆ ಮದ್ದೂ ಕೈಕೊಟ್ಟರೆ ಅವಳು ಎಲ್ಲಿಗೆ ಹೋಗಬೇಕು?

ಪೊರೆಯ ಕೆಲಸ ಏನೆಂದು ಮೊದಲು ನೋಡೋಣ. ಯೋನಿಯ ಒಳಗೋಡೆ ಒಂದರ ಮೇಲೊಂದು ಪದರವಾಗಿ ಜೋಡಿಸಿದ ಚಪ್ಪಟೆ ಜೀವಕೋಶಗಳಿಂದಾಗಿದೆ. ಒಳಗೆ ಗರ್ಭಕೊರಳಿನ ಕಾಲುವೆಗೆ ಬಂದರೆ ಒಂದೇ ಒಂದು ಸಾಲು ಕೋಶ. ಅಕ್ಕಪಕ್ಕದ ಕೋಶಗಳನ್ನು ಬಿಗಿಯಾದ ಬೆಸುಗೆಗಳು ಹಿಡಿದಿಟ್ಟಿರುತ್ತವೆ. ಮೇಲ್ಭಾಗದಲ್ಲಿ ಲ್ಯಾಕ್ಟೋಬ್ಯಾಸಿಲಸ್ ಎಂಬ ಒಳ್ಳೆಯ ಬ್ಯಾಕ್ಟೀರಿಯಾಗಳು ಹುಳಿ ಉಂಟುಮಾಡಿ ಕೆಟ್ಟ ಸೂಕ್ಷ್ಮಜೀವಿಗಳನ್ನು ದೂರವಿಡುತ್ತವೆ. ಪೊರೆಯ ಕೆಳಗೆ ರೋಗನಿರೋಧಕ ಕೋಶಗಳಿವೆ, ಎಚ್‌ಐವಿ ಹೊಕ್ಕು ಬೆಳೆಯುವುದು ಅವುಗಳಲ್ಲೇ. ಪೊರೆ ಗಟ್ಟಿಯಾಗಿದ್ದರೆ ವೈರಸ್ಸಿಗೆ ಅವು ಸುಲಭವಾಗಿ ಸಿಗುವುದಿಲ್ಲ. ಪೊರೆಗೆ ಕಿರಿಕಿರಿಯಾದರೆ ದೇಹ ಅದನ್ನು ಪೆಟ್ಟೆಂದೇ ತಿಳಿದು ಉರಿಯೂತದ ಸಂಕೇತಗಳನ್ನು ಹೊರಡಿಸುತ್ತದೆ. ರಿಪೇರಿಗೆಂದು ಇನ್ನಷ್ಟು ನಿರೋಧಕ ಕೋಶಗಳು ಅಲ್ಲಿಗೆ ನುಗ್ಗುತ್ತವೆ. ವೈರಸ್ಸಿಗೆ ಬೇಕಾದ ಬೇಟೆ ಹೀಗೆ ಬಾಗಿಲಿಗೇ ಬಂದು ನಿಲ್ಲುತ್ತದೆ. ರಕ್ತ ಬರಬೇಕಿಲ್ಲ, ಹುಣ್ಣಾಗಬೇಕಿಲ್ಲ, ಉರಿಯೂ ಆಗಬೇಕಿಲ್ಲ. ಹೆಂಗಸಿಗೆ ಏನೂ ತಿಳಿಯದಿರುವಾಗಲೇ ಅಪಾಯ ಏರಿರಬಹುದು.

ಜಗತ್ತು ಈ ಪಾಠವನ್ನು ಮೊದಲು ಕಲಿತದ್ದು ನಾನ್‌ಆಕ್ಸಿನಾಲ್-9 ಎಂಬ ರಾಸಾಯನಿಕದಿಂದ. ವೀರ್ಯಾಣುಗಳನ್ನು ಕೊಲ್ಲುವ ಗರ್ಭನಿರೋಧಕವಾಗಿ ಅದು ದಶಕಗಳಿಂದ ಅಂಗಡಿಗಳಲ್ಲಿತ್ತು, ಕಾಂಡೋಮ್‌ಗಳಿಗೂ ಸವರಲಾಗುತ್ತಿತ್ತು. ಮಾರ್ಜಕದ ಜಾತಿಗೆ ಸೇರಿದ ಈ ವಸ್ತು ಕೋಶದ ಕೊಬ್ಬಿನ ಹೊದಿಕೆಯನ್ನು ಕರಗಿಸುತ್ತದೆ. ಗಾಜಿನ ನಳಿಕೆಯಲ್ಲಿ ಎಚ್‌ಐವಿಯನ್ನೂ ಕೊಂದಿತು. ಇಷ್ಟು ವರ್ಷ ಬಳಕೆಯಲ್ಲಿದ್ದದ್ದು, ಅಗ್ಗದ್ದು, ವೈರಸ್ಸನ್ನೂ ಕೊಲ್ಲುತ್ತದೆ, ಇನ್ನೇನು ಬೇಕು ಎಂದು ಹಲವರಿಗೆ ಅನ್ನಿಸಿತು. ನೈರೋಬಿಯ ಲೈಂಗಿಕ ಕಾರ್ಯಕರ್ತೆಯರ ನಡುವೆ ನಡೆದ ಒಂದು ಪ್ರಯೋಗ 1992ರಲ್ಲಿ ಪ್ರಕಟವಾದಾಗ, ಈ ರಾಸಾಯನಿಕವಿದ್ದ ಸ್ಪಂಜು ಬಳಸಿದವರಲ್ಲಿ ಜನನಾಂಗದ ಹುಣ್ಣು ಹೆಚ್ಚಾಗಿತ್ತು, ಎಚ್‌ಐವಿ ಕಡಿಮೆಯಾಗಿರಲಿಲ್ಲ. ಡೋಸ್ ಹೆಚ್ಚಾಯಿತೇನೋ ಎಂದುಕೊಂಡು ಕಡಿಮೆ ಡೋಸ್‌ನ ಜೆಲ್ ಮಾಡಿ ಬೆನಿನ್, ಐವರಿ ಕೋಸ್ಟ್, ದಕ್ಷಿಣ ಆಫ್ರಿಕ, ಥಾಯ್ಲೆಂಡ್‌ಗಳ ಲೈಂಗಿಕ ಕಾರ್ಯಕರ್ತೆಯರಲ್ಲಿ ಮತ್ತೆ ಪ್ರಯೋಗಿಸಿದರು. ಫಲಿತಾಂಶ ಹೊರಬಿದ್ದದ್ದು 2000ದ ಜುಲೈಯಲ್ಲಿ, ಡರ್ಬನ್ನಿನ ಏಡ್ಸ್ ಸಮ್ಮೇಳನದಲ್ಲಿ. ಔಷಧಿಯಿದ್ದ ಜೆಲ್ ಬಳಸಿದವರಲ್ಲಿ 59 ಮಂದಿಗೆ ಸೋಂಕು, ಬರಿ ಜೆಲ್ ಬಳಸಿದವರಲ್ಲಿ 45 ಮಂದಿಗೆ.

ಆ ವರದಿಯಲ್ಲಿ ನಾವು ಮತ್ತೆ ಮತ್ತೆ ಓದಬೇಕಾದ ಅಂಶವೊಂದಿದೆ. ಹಾನಿ ಎದ್ದುಕಂಡದ್ದು ಜೆಲ್ಲನ್ನು ದಿನಕ್ಕೆ ಸರಾಸರಿ ಮೂರೂವರೆ ಸಲಕ್ಕಿಂತ ಹೆಚ್ಚು ಬಳಸುತ್ತಿದ್ದವರಲ್ಲಿ. ಅವರ ಅಪಾಯ ಹತ್ತಿರ ಹತ್ತಿರ ಎರಡು ಪಟ್ಟಾಗಿತ್ತು. ಕಡಿಮೆ ಬಳಸಿದವರಲ್ಲಿ ಅಂಥ ಏರಿಕೆ ಕಾಣಲಿಲ್ಲ. ಮದ್ದಿನ ಅಗತ್ಯ ಯಾರಿಗೆ ಎಲ್ಲರಿಗಿಂತ ಹೆಚ್ಚಾಗಿತ್ತೋ ಅವರನ್ನೇ ಅದು ಎಲ್ಲರಿಗಿಂತ ಹೆಚ್ಚು ನೋಯಿಸಿತು. ಕಡಿಮೆ ಅಪಾಯದ ಆರೋಗ್ಯವಂತ ಹೆಂಗಸರಿಗೆ ದಿನಕ್ಕೊಂದು ಸಲ ಹಚ್ಚಿ ಸುರಕ್ಷಿತವೆಂದು ಬರೆದ ಷರಾ, ಹೊಟ್ಟೆಪಾಡಿಗಾಗಿ ದಿನಕ್ಕೆ ಹಲವು ಗಿರಾಕಿಗಳನ್ನು ಕಾಣಬೇಕಾದವಳಿಗೆ ಅನ್ವಯಿಸುವುದಿಲ್ಲ.

ಸೆಲ್ಯುಲೋಸ್ ಸಲ್ಫೇಟ್ ಮಾರ್ಜಕವಲ್ಲ. ವೈರಸ್ಸು ಕೋಶಕ್ಕೆ ಅಂಟಿಕೊಳ್ಳದಂತೆ ಅಡ್ಡ ನಿಲ್ಲುವುದು ಅದರ ಕೆಲಸವೆಂದು ಎಣಿಸಲಾಗಿತ್ತು. ಹಳೆಯ ತಪ್ಪು ಮರುಕಳಿಸದೆಂದು ನಂಬಲು ಕಾರಣವಿತ್ತು. ಆಗ ಅಂಗಾಂಶದ ಸುರಕ್ಷತೆಗೆ ರೂಢಿಯಲ್ಲಿದ್ದ ಪರೀಕ್ಷೆಗಳೆಂದರೆ ಮೊಲದ ಯೋನಿಗೆ ಹತ್ತು ದಿನ ಜೆಲ್ ಹಚ್ಚಿ ಕೆಂಪಾಗಿದೆಯೇ, ಊದಿದೆಯೇ ಎಂದು ನೋಡುವುದು, ಆಮೇಲೆ ಕೆಲವು ಹೆಂಗಸರಿಗೆ ಕೊಟ್ಟು ಕಾಲ್ಪೊಸ್ಕೋಪ್ ಎಂಬ ಹಿಗ್ಗಿಸಿ ತೋರುವ ಉಪಕರಣದಿಂದ ಗೀರು, ಸುಲಿತ, ಹುಣ್ಣುಗಳಿಗಾಗಿ ಹುಡುಕುವುದು. ಎರಡೂ ನೋಟದ ಪರೀಕ್ಷೆಗಳು. ಸೆಲ್ಯುಲೋಸ್ ಸಲ್ಫೇಟ್ ಇವನ್ನು ದಾಟಿತ್ತು.

ಪ್ರಯೋಗ ನಿಂತ ಮೇಲೆ ನ್ಯೂಯಾರ್ಕಿನ ಆಲ್ಬರ್ಟ್ ಐನ್‌ಸ್ಟೈನ್ ವೈದ್ಯಕೀಯ ಕಾಲೇಜಿನ ಸಂಶೋಧಕರು ಬೇರೆ ದಾರಿ ಹಿಡಿದರು. ಮನುಷ್ಯರ ಪೊರೆಯ ಕೋಶಗಳನ್ನು ತೆಳುವಾದ ಜಾಲರಿಯ ಮೇಲೆ ಬೆಳೆಸಿ, ಆ ಪದರದ ಮೇಲೊಂದು ಕೆಳಗೊಂದು ವಿದ್ಯುತ್ ಕಡ್ಡಿ ಇಟ್ಟು, ವಿದ್ಯುತ್ತಿಗೆ ಅದು ಎಷ್ಟು ತಡೆಯೊಡ್ಡುತ್ತದೆಂದು ಅಳೆದರು. ಬೆಸುಗೆ ಬಿಗಿಯಾಗಿದ್ದರೆ ತಡೆ ಹೆಚ್ಚು, ಸಡಿಲವಾದರೆ ಕಡಿಮೆ. ನಾನ್‌ಆಕ್ಸಿನಾಲ್-9 ಮತ್ತು ಸೆಲ್ಯುಲೋಸ್ ಸಲ್ಫೇಟ್ ಎರಡೂ ಆ ತಡೆಯನ್ನು ಇಳಿಸಿದವು, ಪದರವನ್ನು ದಾಟಿ ಕೆಳಗಿನ ಕೋಶಗಳನ್ನು ಮುಟ್ಟಿದ ವೈರಸ್ಸಿನ ಪ್ರಮಾಣ ಏರಿತು. 2009ರಲ್ಲಿ ಇದು ಪ್ರಕಟವಾಯಿತು. ಬಂಡೀಪುರದ ಅಂಚಿನ ರೈತರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ. ಸೋಲಾರ್ ಬೇಲಿಯ ಕಂಬ ನೆಟ್ಟಗಿದೆ, ತಂತಿ ಎಲ್ಲೂ ಹರಿದಿಲ್ಲ, ಕರೆಂಟು ಮಾತ್ರ ಹರಿಯುತ್ತಿಲ್ಲ ಎಂದಾದರೆ ಆನೆ ಹೊಲಕ್ಕೆ ಇಳಿಯುತ್ತದೆ. ಬೇಲಿಯನ್ನು ಕಣ್ಣಿನಿಂದ ನೋಡಿ ಬಂದವನ ವರದಿ ಆ ರೈತನಿಗೆ ಬೇಡ, ಮೀಟರ್ ಹಿಡಿದು ಅಳೆದವನ ವರದಿ ಬೇಕು.

ಪ್ರಯೋಗಶಾಲೆಯ ಕೋಶಪದರ ಹೆಂಗಸಿನ ದೇಹವಲ್ಲ, ಆ ಪ್ರಯೋಗದಲ್ಲಿ ಆದದ್ದಕ್ಕೆ ಇದೇ ಕಾರಣವೆಂದು ಖಚಿತವಾಗಿ ಹೇಳಲಾಗದು ಎಂಬ ಆಕ್ಷೇಪ ಸರಿಯಾದದ್ದೇ. ಆದರೆ ಇಲ್ಲಿ ಕಾರಣವನ್ನು ಸಾಬೀತುಪಡಿಸಬೇಕಾದ ಹೊಣೆ ಯಾರದು ಎಂಬುದು ಮುಖ್ಯ. ಅನುಮಾನದ ಲಾಭ ಔಷಧಿಗೆ ಸಿಗಬಾರದು, ಹೆಂಗಸಿಗೆ ಸಿಗಬೇಕು. ಬೆಸುಗೆ ಸಡಿಲವಾಗುತ್ತದೆಂಬ ಸುಳಿವು ಪ್ರಯೋಗಕ್ಕೆ ಮುಂಚೆಯೇ ಕೈಯಲ್ಲಿದ್ದಿದ್ದರೆ ಸಾವಿರಾರು ಹೆಂಗಸರ ಬಳಿ ಹೋಗುವ ಮೊದಲು ಇನ್ನೂ ನಾಲ್ಕು ಪ್ರಶ್ನೆ ಕೇಳಲು ಅವಕಾಶವಿರುತ್ತಿತ್ತು. ಇಂಥ ಪರೀಕ್ಷೆಗೆ ತಗಲುವ ಖರ್ಚು ಮತ್ತು ಸಮಯ, ಐದು ನಗರಗಳ ಪ್ರಯೋಗದ ಮುಂದೆ ಬಹಳ ಸಣ್ಣದು.

‘ರಾಸಾಯನಿಕಗಳಿಂದ ಬಂದ ತೊಂದರೆ ಇದು, ನಮ್ಮ ಗಿಡಮೂಲಿಕೆಯಾದರೆ ಭಯವಿಲ್ಲ’ ಎನ್ನುವವರೂ ಇದ್ದಾರೆ. ಅವರು ಗಮನಿಸಬೇಕಾದ ಉದಾಹರಣೆ ನಮ್ಮ ದೇಶದಲ್ಲೇ ಇದೆ. ಡಾ. ಜಿ. ಪಿ. ತಲ್ವಾರ್ ಅವರ ತಂಡ ರೂಪಿಸಿದ ಪ್ರನೀಮ್ ಎಂಬ ಯೋನಿ ಮಾತ್ರೆಯಲ್ಲಿ ಬೇವಿನೆಲೆಯ ಸಾರ, ಅಂಟುವಾಳದ ಸಪೋನಿನ್, ಒಂದು ಜಾತಿಯ ಪುದೀನ ಎಣ್ಣೆ, ಕ್ವಿನೈನ್ ಇದ್ದವು. ಅಂಟುವಾಳ ನಮ್ಮ ಜಿಲ್ಲೆಗೆ ಹೊಸದಲ್ಲ. ಉತ್ತರದ ಅಂಟುವಾಳಕ್ಕೆ ದಾಯಾದಿಯಾದ ನಮ್ಮ ಕಡೆಯ ಜಾತಿಯ ಕಾಯಿಯನ್ನು ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಜೇನು, ನೆಲ್ಲಿ, ಸೀಗೆಯ ಜತೆ ಆಯ್ದು ಲ್ಯಾಂಪ್ಸ್ ಸಹಕಾರ ಸಂಘಕ್ಕೆ ಕೊಡುತ್ತಾ ಬಂದಿದ್ದಾರೆ. ತಲೆಗೆ, ರೇಷ್ಮೆ ಸೀರೆಗೆ ಅದರ ನೊರೆಯಷ್ಟು ಮೃದು ಇನ್ನೊಂದಿಲ್ಲ. ಆದರೆ ನೊರೆ ಬರುವುದು ಸಪೋನಿನ್‌ನಿಂದ, ಸಪೋನಿನ್ ಕೂಡ ಕೊಬ್ಬನ್ನು ಬಿಡಿಸುವ ವಸ್ತುವೇ. ನಾನ್‌ಆಕ್ಸಿನಾಲ್-9ಕ್ಕೆ ಕೇಳಿದ ಪ್ರಶ್ನೆಯನ್ನೇ ಅಂಟುವಾಳಕ್ಕೂ ಕೇಳಬೇಕಾಗುತ್ತದೆ. ಪುಣೆಯ ರಾಷ್ಟ್ರೀಯ ಏಡ್ಸ್ ಸಂಶೋಧನಾ ಸಂಸ್ಥೆ ಪ್ರನೀಮ್‌ಗೆ ಮೊದಲ ಹಂತದ ಸುರಕ್ಷತಾ ಪರೀಕ್ಷೆ ನಡೆಸಿ 2005ರಲ್ಲಿ ಪ್ರಕಟಿಸಿತು. ಬೇವು ಎಂದ ಮಾತ್ರಕ್ಕೆ ರಿಯಾಯಿತಿ ಕೊಡದೆ ಹೊಸ ಔಷಧಿಗೆ ಹಿಡಿಯುವ ದಾರಿಯಲ್ಲೇ ಅದನ್ನೂ ನಡೆಸಿದ್ದು ಸರಿಯಾದ ಕ್ರಮ. ಚರ್ಮಕ್ಕೆ ಒಗ್ಗಿದ್ದೆಲ್ಲ ಒಳಪೊರೆಗೆ ಒಗ್ಗುವುದಿಲ್ಲ.

ಇನ್ನು ನಮ್ಮ ಹೆಂಗಸರ ಅಂಗಾಂಶದ ಸ್ಥಿತಿ. ಸುರಕ್ಷತಾ ಪರೀಕ್ಷೆಯ ಮೊದಲ ಹಂತಕ್ಕೆ ಆರಿಸುವುದು ಸೋಂಕಿಲ್ಲದ, ಆರೋಗ್ಯವಂತ ಹೆಂಗಸರನ್ನು. ಹಾಗೆ ಶುರು ಮಾಡುವುದು ಸರಿ. ಅಲ್ಲಿಗೇ ನಿಲ್ಲುವುದು ಸರಿಯಲ್ಲ. 2005–06ರಲ್ಲಿ ಮೈಸೂರಿನಲ್ಲಿ 15ರಿಂದ 30 ವಯಸ್ಸಿನ 898 ಹೆಂಗಸರನ್ನು ಪರೀಕ್ಷಿಸಿದಾಗ ನೂರಕ್ಕೆ 19 ಮಂದಿಯಲ್ಲಿ ಬ್ಯಾಕ್ಟೀರಿಯಲ್ ವಜೈನೋಸಿಸ್ ಕಂಡಿತು. ಒಳ್ಳೆಯ ಲ್ಯಾಕ್ಟೋಬ್ಯಾಸಿಲಸ್ ಕುಗ್ಗಿ ಬೇರೆ ಬ್ಯಾಕ್ಟೀರಿಯಾಗಳು ತುಂಬಿಕೊಳ್ಳುವ ಸ್ಥಿತಿ ಇದು. ಬಿಳುಪು ಹೋಗುತ್ತಿದೆ ಎಂದು ಹೇಳಿಕೊಳ್ಳಲು ನಾಚಿ, ಕೂಲಿ ತಪ್ಪುತ್ತದೆಂದು ಆಸ್ಪತ್ರೆಗೆ ಹೋಗುವುದನ್ನು ಮುಂದೂಡುವ ಹೆಂಗಸರು ಗುಂಡ್ಲುಪೇಟೆ, ಯಳಂದೂರು, ಹನೂರಿನ ಹಳ್ಳಿಗಳಲ್ಲಿ ಎಷ್ಟಿಲ್ಲ?

ಈ ಸ್ಥಿತಿ ಮದ್ದಿನ ಫಲವನ್ನೇ ಬದಲಿಸುತ್ತದೆ ಎಂಬುದಕ್ಕೆ ಈಗ ಗಟ್ಟಿ ಆಧಾರವಿದೆ. ಎಚ್‌ಐವಿ ಚಿಕಿತ್ಸೆಯಲ್ಲಿ ಬಳಸುವ ಟೆನೋಫೋವಿರ್ ಅನ್ನು ಜೆಲ್ ಮಾಡಿ ದಕ್ಷಿಣ ಆಫ್ರಿಕದ ಕ್ವಾಜುಲು-ನಟಾಲ್‌ನಲ್ಲಿ ಕ್ವಾರೈಷಾ ಮತ್ತು ಸಲೀಂ ಅಬ್ದುಲ್ ಕರೀಂ ದಂಪತಿ ನಡೆಸಿದ ಪ್ರಯೋಗದಲ್ಲಿ ಸೋಂಕು ನೂರಕ್ಕೆ 39ರಷ್ಟು ಇಳಿಯಿತೆಂದು 2010ರಲ್ಲಿ ಗೊತ್ತಾದಾಗ ಜಗತ್ತೇ ಸಂಭ್ರಮಿಸಿತು. 2017ರಲ್ಲಿ ಆ ಹೆಂಗಸರ ಮಾದರಿಗಳನ್ನು ಬಿಡಿಸಿ ನೋಡಿದರು. ಲ್ಯಾಕ್ಟೋಬ್ಯಾಸಿಲಸ್ ಹೆಚ್ಚಿದ್ದವರಲ್ಲಿ ರಕ್ಷಣೆ ನೂರಕ್ಕೆ 61, ಇಲ್ಲದವರಲ್ಲಿ ಬರೀ 18. ಕೆಲವು ಬ್ಯಾಕ್ಟೀರಿಯಾಗಳು ಔಷಧಿಯನ್ನೇ ಮುರಿದುಹಾಕುತ್ತಿದ್ದವು. ಮೊದಲೇ ಉರಿಯೂತವಿದ್ದ ಹೆಂಗಸರಲ್ಲಿ ಜೆಲ್ ನೆರವಾಗಲಿಲ್ಲವೆಂದು ಇನ್ನೊಂದು ಅಧ್ಯಯನವೂ ತೋರಿತು. ಅಂಗಾಂಶದ ಸುರಕ್ಷತೆ ಮತ್ತು ಔಷಧಿಯ ಪರಿಣಾಮ ಎರಡು ಬೇರೆ ಕಡತಗಳಲ್ಲ ಎಂಬುದು ಇದರಿಂದ ಸ್ಪಷ್ಟ. ಕೆಟ್ಟಿರುವ ಪೊರೆಯಲ್ಲಿ ಒಳ್ಳೆಯ ಮದ್ದೂ ಸೋಲುತ್ತದೆ.

ಔಷಧಿ ನಿರಪಾಯಿಯಾಗಿದ್ದು ಜೆಲ್‌ನ ಉಳಿದ ಸಾಮಗ್ರಿ ತೊಂದರೆ ಕೊಟ್ಟದ್ದೂ ಉಂಟು. ಟೆನೋಫೋವಿರ್ ಜೆಲ್‌ನಲ್ಲಿ ಗ್ಲಿಸರಿನ್ ಹೆಚ್ಚಿದ್ದರಿಂದ ಅದರ ಸಾಂದ್ರತೆ ನಮ್ಮ ದೇಹದ್ರವದ ಸುಮಾರು ಹತ್ತು ಪಟ್ಟು ಆಗಿತ್ತು. ಅಷ್ಟು ಸಾಂದ್ರವಾದ ವಸ್ತು ಪೊರೆಯ ಕೋಶಗಳಿಂದ ನೀರನ್ನು ಹೊರಗೆಳೆಯುತ್ತದೆ. ಕೋಶಗಳು ಕುಗ್ಗಿ ಉದುರುತ್ತವೆ. ಒಂದೇ ಸಾಲು ಕೋಶಗಳಿರುವ ಗುದನಾಳಕ್ಕೆ ಇದು ಹೆಚ್ಚು ಬಾಧಕ. ಗುದನಾಳದಲ್ಲಿ ಬಳಸಲೆಂದು ಅದೇ ಜೆಲ್ಲನ್ನು ಪರೀಕ್ಷಿಸಿದಾಗ ಹೊಟ್ಟೆನೋವು, ಭೇದಿ ಕಾಣಿಸಿ, ಗ್ಲಿಸರಿನ್ ತಗ್ಗಿಸಿ ಬೇರೆ ಜೆಲ್ ಮಾಡಬೇಕಾಯಿತು. ಕಾಂಡೋಮ್ ಜತೆ ಬಳಸುವ ಜಾರು ಜೆಲ್‌ಗಳಿಗೂ ವಿಶ್ವ ಆರೋಗ್ಯ ಸಂಸ್ಥೆ 2012ರಲ್ಲಿ ಸಾಂದ್ರತೆಯ ಮಿತಿ ಸೂಚಿಸಿತು: ಕಿಲೋಗೆ 1,200 ಮಿಲಿಆಸ್ಮೋಲ್ ಮೀರಬಾರದು, 380ರ ಒಳಗಿದ್ದರೆ ಒಳ್ಳೆಯದು. ಮೆಡಿಕಲ್ ಸ್ಟೋರಿನಲ್ಲಿ ಸಿಗುವ ಜಾರು ಜೆಲ್‌ಗಳ ಮೇಲೆ, ‘ಒಳ ಶುಚಿ’ಯ ಹೆಸರಿನಲ್ಲಿ ಹೆಂಗಸರಿಗೆ ಮಾರುವ ದ್ರಾವಣಗಳ ಮೇಲೆ ಈ ಸಂಖ್ಯೆಯನ್ನು ಮುದ್ರಿಸುವುದನ್ನು ಕಡ್ಡಾಯ ಮಾಡಬೇಕು. ಪ್ರಯೋಗದಲ್ಲಿರುವ ಮದ್ದಿಗೆ ನೂರು ಪ್ರಶ್ನೆ ಕೇಳಿ, ದಿನಬಳಕೆಯ ಸರಕಿಗೆ ಒಂದನ್ನೂ ಕೇಳದಿರುವುದು ಯಾವ ನ್ಯಾಯ?

ನನ್ನ ವಾದಕ್ಕೆ ಎದುರಾಗಿ ಎರಡು ಬಲವಾದ ಮಾತುಗಳಿವೆ. ಮೊದಲನೆಯದು, ಪರೀಕ್ಷೆಗಳನ್ನು ಹೆಚ್ಚಿಸುತ್ತಾ ಹೋದರೆ ಮದ್ದು ತಡವಾಗುತ್ತದೆ, ಆ ತಡದಲ್ಲಿ ಸೋಂಕು ತಗುಲುವವರಿಗೆ ಯಾರು ಹೊಣೆ ಎಂಬುದು. ಈ ಆತಂಕ ಪ್ರಾಮಾಣಿಕವಾದದ್ದು. ಆದರೆ ನಡೆದದ್ದನ್ನು ನೋಡಿ: ನೈರೋಬಿಯ ಎಚ್ಚರಿಕೆ ಬಂದ ಮೇಲೂ ನಾನ್‌ಆಕ್ಸಿನಾಲ್-9ರ ಹಿಂದೆ ಎಂಟು ವರ್ಷ ಕಳೆದವು. ಕಾಲ ಹಾಳಾದದ್ದು ಅಂಗಾಂಶವನ್ನು ಪರೀಕ್ಷಿಸಿದ್ದರಿಂದ ಅಲ್ಲ, ಅದು ಕೊಟ್ಟ ಉತ್ತರಕ್ಕೆ ಕಿವಿಗೊಡದ್ದರಿಂದ. ಜತೆಗೆ, ಒಂದು ಪ್ರಯೋಗದಲ್ಲಿ ಹಾನಿಯಾದರೆ ಜನ ಮುಂದಿನ ಹತ್ತು ಪ್ರಯೋಗಗಳನ್ನು ನಂಬುವುದಿಲ್ಲ. ‘ನಮ್ಮನ್ನು ಇಲಿಗಳಂತೆ ಬಳಸಿದರು’ ಎಂಬ ಮಾತು ಊರಲ್ಲಿ ಹಬ್ಬಿತೆಂದರೆ ಒಳ್ಳೆಯ ಲಸಿಕೆಯನ್ನು ಹಿಡಿದು ಬಂದ ಆಶಾ ಕಾರ್ಯಕರ್ತೆಗೂ ಬಾಗಿಲು ತೆರೆಯದು.

ಎರಡನೆಯದು, ಜೆಲ್‌ಗಳ ಕಾಲ ಮುಗಿಯಿತು ಎಂಬ ಮಾತು. ಟೆನೋಫೋವಿರ್ ಜೆಲ್ ಆನಂತರದ ದೊಡ್ಡ ಪ್ರಯೋಗಗಳಲ್ಲಿ ಗೆಲ್ಲಲಿಲ್ಲ; ಮುಖ್ಯ ಕಾರಣ ಬಹಳ ಹೆಂಗಸರಿಗೆ ಅದನ್ನು ಹೇಳಿದಂತೆ ಬಳಸಲು ಆಗದೇ ಹೋದದ್ದು. ಈಗ ತಿಂಗಳಿಡೀ ಒಳಗಿರುವ ಡಪಿವಿರಿನ್ ಉಂಗುರಕ್ಕೆ 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಶಿಫಾರಸು ಸಿಕ್ಕಿದೆ. ಆರು ತಿಂಗಳಿಗೊಮ್ಮೆ ಕೊಡುವ ಲೆನಕಪವಿರ್ ಚುಚ್ಚುಮದ್ದು ಪಡೆದ ಆಫ್ರಿಕದ 2,134 ಹೆಂಗಸರಲ್ಲಿ ಒಬ್ಬರಿಗೂ ಸೋಂಕು ತಗುಲಲಿಲ್ಲವೆಂದು 2024ರಲ್ಲಿ ವರದಿಯಾಗಿದೆ. ಇವು ನಿಜಕ್ಕೂ ದೊಡ್ಡ ಗೆಲುವುಗಳು. ಆದರೂ ಉಂಗುರ ದಿನವಿಡೀ ತಾಗಿಕೊಂಡಿರುವುದು ಅದೇ ಪೊರೆಗೆ. ಚುಚ್ಚುಮದ್ದು ಬೇಡವೆನ್ನುವವರಿಗೆ, ಬೇಕಾದಾಗ ಮಾತ್ರ ರಕ್ಷಣೆ ಕೇಳುವವರಿಗೆ ಹಚ್ಚುವ ಮದ್ದು ಇನ್ನೂ ಬೇಕು. ಅಂಗಾಂಶದ ಪ್ರಶ್ನೆ ಒಂದು ಉತ್ಪನ್ನದೊಡನೆ ಹುಟ್ಟಿ ಅದರೊಡನೆ ಸಾಯುವಂಥದ್ದಲ್ಲ.

ಹಾಗಾದರೆ ಇಲ್ಲಿ ನಾವು ಮಾಡಬೇಕಾದ್ದೇನು? ದಾರಿ ಹತ್ತಿರದಲ್ಲೇ ಇದೆ. ಮೈಸೂರಿನ ಲೈಂಗಿಕ ಕಾರ್ಯಕರ್ತೆಯರೇ ಕಟ್ಟಿದ ಆಶೋದಯ ಸಮಿತಿ, 2010ರ ದಶಕದ ಉತ್ತರಾರ್ಧದಲ್ಲಿ ದಿನಕ್ಕೊಂದು ಎಚ್‌ಐವಿ ತಡೆ ಮಾತ್ರೆಯ ಕಾರ್ಯಕ್ರಮವನ್ನು ಆರುನೂರಕ್ಕೂ ಹೆಚ್ಚು ಹೆಂಗಸರ ನಡುವೆ ನಡೆಸಿತು. ಯಾರಿಗೆ ಹೇಗೆ ತಿಳಿಸಬೇಕು, ಅಡ್ಡಪರಿಣಾಮ ಕಂಡರೆ ಯಾರು ಕೇಳಿಸಿಕೊಳ್ಳಬೇಕು ಎಂಬುದನ್ನು ಅವರೇ ನಿರ್ಧರಿಸಿದರು. ಚಾಮರಾಜನಗರದಲ್ಲಿ 2016ರಿಂದ ಸರ್ಕಾರಿ ವೈದ್ಯಕೀಯ ಕಾಲೇಜಿದೆ. ಮುಂದೊಂದು ದಿನ ಇಂಥ ಪ್ರಯೋಗ ಈ ಜಿಲ್ಲೆಯ ಬಾಗಿಲಿಗೂ ಬರಬಹುದು, ಬರಲಿ. 2019ರ ಹೊಸ ಔಷಧ ಮತ್ತು ಪ್ರಯೋಗಗಳ ನಿಯಮಗಳು ದುರ್ಬಲ ವರ್ಗದವರ ಒಪ್ಪಿಗೆಯನ್ನು ಧ್ವನಿ-ದೃಶ್ಯವಾಗಿ ದಾಖಲಿಸಬೇಕೆನ್ನುತ್ತವೆ, ಹಾನಿಗೆ ಪರಿಹಾರವನ್ನೂ ಗೊತ್ತುಮಾಡಿವೆ. ಕ್ಯಾಮೆರಾ ಮುಂದೆ ಹೆಂಗಸು ಹೂಂ ಅಂದರೆ ಸಾಲದು. ಅವಳ ಕೈಗೆ ಕೊಡುವ ಕನ್ನಡದ ಹಾಳೆಯಲ್ಲಿ ನಾಲ್ಕು ಉತ್ತರಗಳಿರಬೇಕು. ಈ ಮದ್ದು ಪೊರೆಯ ಬೆಸುಗೆಯನ್ನು ಸಡಿಲಿಸುತ್ತದೆಯೇ ಎಂದು ಅಳೆದಿದ್ದಾರೆಯೇ? ಉರಿಯೂತದ ಸಂಕೇತಗಳನ್ನು ನೋಡಿದ್ದಾರೆಯೇ? ದಿನಕ್ಕೆ ಹಲವು ಸಲ ಬಳಸಿದರೆ ಏನಾಗುತ್ತದೆ? ಬಿಳುಪು ಹೋಗುವವರಲ್ಲಿ, ಬಾಣಂತಿಯರಲ್ಲಿ, ಮುಟ್ಟು ನಿಂತವರಲ್ಲಿ ಏನಾಗುತ್ತದೆ? ಉತ್ತರ ಗೊತ್ತಿಲ್ಲದಿದ್ದರೆ ‘ಗೊತ್ತಿಲ್ಲ’ ಎಂದೇ ಬರೆದಿರಬೇಕು. ಆ ಹಾಳೆಯನ್ನು ಒಪ್ಪುವ ನೈತಿಕ ಸಮಿತಿಯಲ್ಲಿ ಅಂಥ ಮದ್ದು ಬಳಸಬೇಕಾದ ಹೆಂಗಸರಲ್ಲಿ ಒಬ್ಬಳಾದರೂ ಕೂತಿರಬೇಕು. ಪ್ರಯೋಗಕ್ಕೆ ಬಂದವಳ ಸೋಂಕಿಗೆ ಮೊದಲು ಚಿಕಿತ್ಸೆ, ಆಮೇಲೆ ಜೆಲ್ ಎಂಬ ಕ್ರಮವಿರಬೇಕು.

ಬಾಗಲಕೋಟೆಯ ಹೆಂಗಸರು ತಮ್ಮ ದೇಹವನ್ನು ಒಡ್ಡಿ ಜಗತ್ತಿನ ಔಷಧ ವಿಜ್ಞಾನಕ್ಕೆ ದೊಡ್ಡದೊಂದು ಪಾಠ ಕಲಿಸಿದರು. ಪ್ರಯೋಗಶಾಲೆಯಲ್ಲೇ ಕಲಿಯಬಹುದಾಗಿದ್ದ ಪಾಠಕ್ಕೆ ಮುಂದೆ ಯಾವ ಊರಿನ ಹೆಂಗಸೂ ತನ್ನ ಆರೋಗ್ಯವನ್ನು ಬೆಲೆಯಾಗಿ ತೆರುವಂತಾಗಬಾರದು. ಅವರ ಋಣವನ್ನು ನಾವು ತೀರಿಸಬಹುದಾದ ರೀತಿ ಅದೊಂದೇ.